ಒತ್ತಡ ಕೊಡೋದು ಅಂದರೇನು

ಈ ಸಲದ ಪುಸ್ತಕಕ್ಕೆ ಏನಾದರೂ ಬರೆದು ಕೊಡಿ ಅಂತ ವಾಚನಾಲಯದ ಮೇಷ್ಟ್ರು ಎರಡು ತಿಂಗಳಿಂದ ಕೇಳ್ತಾ ಇದ್ದರು. ಹಾಡು ಬರೆದು ಕೊಡ್ತೀನಿ ಅಂದೆ. ಹಾಡು ಬೇಡ, ಅದನ್ನ ನಿಮ್ಮ ಬಾಯಲ್ಲೇ ಕೇಳ್ತೀವಿ, ಚರಿತ್ರೆ ಬರೀರಿ ಅಂದರು. ನಾನು ಓದಿದ್ದು ಏಳನೆ ತರಗತಿ. ರಾಜರ ಚರಿತ್ರೆ ಬರೆಯೋದು ನನ್ನ ಕೈಲಾಗೋ ಕೆಲಸ ಅಲ್ಲ. ಅದಕ್ಕೆ ಒಂದು ಮಾತಿನ ಚರಿತ್ರೆ ಬರೀತಾ ಇದ್ದೀನಿ. ಆ ಮಾತು ‘ಒತ್ತಡ’. ಇದರಿಂದ ನಮ್ಮ ಮನೇಲಿ ಒಂದು ಸಲ ನಗು ಬಂತು, ಇನ್ನೊಂದು ಸಲ ನಮ್ಮಕ್ಕನ ಕಾಲಿನ ಎರಡು ಬೆರಳು ಹೋಯ್ತು. ಎರಡನ್ನೂ ಹೇಳ್ತೀನಿ.

ನಮ್ಮ ಸಿಂಗಾನಲ್ಲೂರಲ್ಲಿ ಕನ್ನಡ ಆಡೋ ಮನೆಗಳಲ್ಲಿ ಒತ್ತಡ ಅಂದರೆ ಏನು ಅಂತ ಚಿಕ್ಕ ಮಗುವಿಗೂ ಗೊತ್ತು. ಕತ್ತು ಹಿಡಿದುಕೊಂಡರೆ, ಮಂಡಿ ನೋವು ಬಂದರೆ, ಹಾಲು ಕಟ್ಟಿ ಎದೆ ನೊಂದರೆ, ಕಲ್ಲುಪ್ಪು ಹುರಿದು ಬಟ್ಟೇಲಿ ಗಂಟು ಕಟ್ಟಿ ನೋವಿರೋ ಕಡೆ ಒತ್ತಿ ಒತ್ತಿ ತೆಗೆಯೋದೇ ಒತ್ತಡ. ಬೆಂಗಳೂರು ಮೈಸೂರು ಕಡೆಯ ಕನ್ನಡದವರ ಹತ್ತಿರ ಹೋಗಿ ‘ನಿನ್ನೆ ರಾತ್ರಿ ಒತ್ತಡ ಕೊಟ್ಟರು, ಹಾಯಾಯ್ತು’ ಅಂದರೆ ಅವರು ಮುಖ ಮುಖ ನೋಡ್ತಾರೆ. ಅವರಿಗೆ ಒತ್ತಡ ಅಂದರೆ ಭಾರ, ಕೆಲಸದ ಒತ್ತಡ, ರಾಜಕೀಯ ಒತ್ತಡ. ಒತ್ತಡದಿಂದ ಯಾರಿಗೆ ತಾನೆ ಹಾಯಾಗುತ್ತೆ!

ನಮ್ಮ ಮನೇಲಿ ಇದಕ್ಕೆ ಎರಡು ಮಾತು ಇತ್ತು. ನಮ್ಮಪ್ಪನ ತಾಯಿ ಈ ಊರು ಬಿಟ್ಟು ಹೊರಗೆ ಹೋದೋಳಲ್ಲ. ಅವಳು ಒತ್ತಡ ಅಂತಿದ್ದಳು. ನಮ್ಮವ್ವ ಕೊಳ್ಳೇಗಾಲದ ಕಡೆಯಿಂದ ಬಂದೋಳು. ಅವಳು ‘ಕಾವು ಕೊಡು’, ‘ಶಾಖ ಕೊಡು’ ಅಂತಿದ್ದಳು. ಕೊಳ್ಳೇಗಾಲ ಅಂದರೆ ಬೇರೆ ರಾಜ್ಯ ಅಂತ ಈಗಿನ ಹುಡುಗರು ತಿಳ್ಕೊಂಡಿದ್ದಾರೆ. 1956ರ ನವೆಂಬರ್ 1ರವರೆಗೆ ಅದು ನಮ್ಮ ಕೋಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕು. ಅಲ್ಲೂ ಒಂದು ಸಿಂಗಾನಲ್ಲೂರು ಇದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಅಂದರೆ ಯಾರಿಗೂ ಗೊತ್ತಾಗದೆ ಇರಬಹುದು, ರಾಜ್‌ಕುಮಾರ್ ಅಂದರೆ ಗೊತ್ತಾಗುತ್ತೆ. ಅವರ ಹೆಸರಿನ ಮುಂದಿರೋದು ಆ ಊರು. ಹೊರಗಡೆ ಹಾಡೋಕೆ ಹೋದಾಗ ಯಾವೂರು ಅಂತ ಕೇಳ್ತಾರೆ. ಸಿಂಗಾನಲ್ಲೂರು ಅಂತೀನಿ. ‘ಓಹೋ ಅಣ್ಣಾವ್ರ ಊರು’ ಅಂತ ಎಲೆ ಅಡಿಕೆ ಮುಂದಿಡ್ತಾರೆ. ನಾನು ಅದನ್ನ ಸರಿಮಾಡೋಕೆ ಹೋಗಲ್ಲ.

ನಾನು ಚಿಕ್ಕವನಿದ್ದಾಗ ಅವ್ವನ ಊರಲ್ಲಿ ಮಾವನ ಮನೇಲಿ ಇದ್ದುಕೊಂಡು ಕನ್ನಡ ಶಾಲೆಗೆ ಹೋದೆ. ಆಮೇಲೆ ಅಪ್ಪನಿಗೆ ಉಳೋಕೆ ಜನ ಇಲ್ಲ ಅಂತ ಕರೆಸಿಕೊಂಡರು. ಅದರಿಂದ ನನ್ನ ಕಿವೀಲಿ ಎರಡೂ ಮಾತು ನಿಂತಿವೆ. ಅಜ್ಜಿಗೂ ಅವ್ವನಿಗೂ ಈ ವಿಷಯದಲ್ಲಿ ಜಗಳವೇ ಆಗ್ತಿತ್ತು. ‘ಕಾವು ಕೊಡೋಕೆ ಅದೇನು ಮೊಟ್ಟೆಯಾ?’ ಅಂತ ಅಜ್ಜಿ. ‘ಒತ್ತೋಕೆ ಇದೇನು ಶ್ಯಾವಿಗೇನಾ?’ ಅಂತ ಅವ್ವ. ಪಕ್ಕದ ಬೀದಿ ನಾಯ್ಡು ಮನೆ ಹೆಂಗಸು ಬಂದರೆ ಮೂರನೆ ಮಾತು ಬರೋದು. ಅವರದು ತೆಲುಗು, ಅವರಿಗೆ ಇದು ‘ಕಾಪಡಂ’. ಒಂದೇ ಉಪ್ಪಿನ ಗಂಟಿಗೆ ಮೂರು ಹೆಸರು. ಈಗ ಮಿಲ್ಲಿಗೂ ಟೆಕ್ಸ್‌ಟೈಲ್ ಕೆಲಸಕ್ಕೂ ಉತ್ತರದಿಂದ ಬಂದ ಹುಡುಗರು ‘ಸೇಂಕ್ನಾ’ ಅಂತಾರೆ. ರೊಟ್ಟಿ ಬೆಂಕಿಗೆ ಹಿಡಿದು ಉಬ್ಬಿಸೋಕೂ ಅವರದು ಅದೇ ಮಾತಂತೆ. ಅದು ನಾಲ್ಕಾಯ್ತು.

ಇನ್ನು ನಗು ಬಂದ ಕತೆ. ಕೆಲವು ವರ್ಷದ ಹಿಂದೆ ಬದುವಿನ ಮೇಲೆ ಕಾಲು ಜಾರಿ ಬಿದ್ದು ನನ್ನ ಮಂಡಿ ಕುಂಬಳಕಾಯಿ ಹಂಗೆ ಊದಿಕೊಂಡಿತು. ಆಸ್ಪತ್ರೇಲಿ ನೋಡಿ ಮೂಳೆ ಮುರಿದಿಲ್ಲ ಅಂದರು. ಎರಡು ದಿನ ಐಸ್ ಇಡಿ ಅಂದು ನರ್ಸಮ್ಮ ನನ್ನ ತಮ್ಮನ ಸೊಸೆಗೆ ಹೇಳಿದ್ದು ಹೀಗೆ: ‘ಮೂಣು ನಾಳ್ ಕಳಿಚ್ಚಿ ಒತ್ತಡಂ ಕುಡುಂಗ.’ ಆ ಹುಡುಗಿ ನಂಜನಗೂಡಿನ ಕಡೆಯೋಳು, ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ತಮಿಳು ಅರ್ಧಂಬರ್ಧ. ‘ಒತ್ತಡಂ’ನಲ್ಲಿ ‘ಅಂ’ ಬಿಟ್ಟರೆ ಕನ್ನಡವೇ ತಾನೆ! ಮೂರು ದಿನ ಕಾದು ನಾಲ್ಕನೆ ದಿನ ಬೆಳಿಗ್ಗೆ ನಾನು ಮಲಗಿದ್ದಾಗ ಬಂದು ಎರಡೂ ಕೈ ಮಂಡಿ ಮೇಲಿಟ್ಟು ಮೈಯ ಭಾರವೆಲ್ಲ ಬಿಟ್ಟು ಒತ್ತಿದಳು ನೋಡಿ, ನಾನು ಕೂಗಿದ ಕೂಗಿಗೆ ಹಿತ್ತಲಲ್ಲಿದ್ದ ಹಸು ಹಗ್ಗ ಕಿತ್ತುಕೊಂಡಿತು. ಅವಳು ಗಾಬರಿಯಾಗಿ ಅಳ್ತಾ ‘ದೊಡ್ಮಾವ, ಒತ್ತಡ ಕೊಡಿ ಅಂದ್ರಲ್ಲ, ಅದಕ್ಕೆ ಕೊಟ್ಟೆ’ ಅಂದಳು. ಅವಳು ತಪ್ಪು ಮಾಡಲಿಲ್ಲ. ಅವಳ ಊರಿನ ಕನ್ನಡದಲ್ಲಿ ಅದಕ್ಕೆ ಅದೇ ಅರ್ಥ. ಮನೆಯೋರೆಲ್ಲ ನಕ್ಕರು. ನನಗೆ ನಗೋಕೆ ಒಂದು ವಾರ ಬೇಕಾಯ್ತು.

ಆಗ ನನಗೆ ಯೋಚನೆ ಬಂತು. ಎರಡೂ ಕನ್ನಡವೇ, ಎರಡೂ ಒತ್ತಡವೇ, ಒಂದು ನೋವು ತೆಗೆಯುತ್ತೆ, ಇನ್ನೊಂದು ನೋವು ಕೊಡುತ್ತೆ, ಇದು ಹೆಂಗೆ? ಮಂಡಿ ಸರಿಹೋದ ಮೇಲೆ ವಾಚನಾಲಯಕ್ಕೆ ಹೋಗಿ ಮೇಷ್ಟ್ರನ್ನ ಕೇಳಿದೆ. ಅವರು ಆ ವಾರವೇ ಎಲ್ಲಿಂದಲೋ ದಪ್ಪ ದಪ್ಪ ನಿಘಂಟುಗಳನ್ನ ತಂದರು. ಕಿಟ್ಟೆಲ್ ಅನ್ನೋ ಜರ್ಮನಿಯ ಪಾದ್ರಿ ಮಂಗಳೂರಲ್ಲಿ 1894ರಲ್ಲಿ ಅಚ್ಚು ಹಾಕಿಸಿದ ಕನ್ನಡ ನಿಘಂಟು ಒಂದು. ಮದ್ರಾಸ್ ವಿಶ್ವವಿದ್ಯಾಲಯ 1924ರಿಂದ 1936ರವರೆಗೆ ಆರು ಸಂಪುಟದಲ್ಲಿ ತಂದ ತಮಿಳು ನಿಘಂಟು ಒಂದು. ಬರೋ ಮತ್ತು ಎಮೆನೋ ಅನ್ನೋ ಇಬ್ಬರು 1961ರಲ್ಲಿ ತಂದ, ದ್ರಾವಿಡ ಭಾಷೆಗಳ ಮಾತುಗಳನ್ನೆಲ್ಲ ನಂಟು ನಂಟು ಜೋಡಿಸಿರೋ ನಿಘಂಟು ಇನ್ನೊಂದು. ಅವರು ಓದಿದರು, ನಾನು ಕೇಳಿದೆ. ನಾಲ್ಕು ಸಂಜೆ ಹಿಡೀತು. ಅಲ್ಲಿ ತಿಳಿದದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ.

ತಮಿಳಿನ ಹಳೆ ಬರವಣಿಗೇಲಿ ಇದು ‘ಒಟ್ರಡಂ’. ‘ಒಟ್ರು’ ಅನ್ನೋ ಕ್ರಿಯೆಯಿಂದ ಹುಟ್ಟಿದ್ದು. ತಮಿಳಿನ ಪುಸ್ತಕದ ಮಾತಲ್ಲಿ ‘ಟ್ರ’ ಅಂತ ಕೇಳಿಸೋ ಒತ್ತಕ್ಷರ ಇರೋ ಕಡೆ ಕನ್ನಡದಲ್ಲಿ ‘ತ್ತ’ ಬರುತ್ತೆ. ಅವರ ಪುಟ್ರು ನಮ್ಮ ಹುತ್ತ. ಅವರ ಸುಟ್ರು ನಮ್ಮ ಸುತ್ತು. ಅವರ ವಟ್ರು ನಮ್ಮ ಬತ್ತು. ಹಂಗೇ ಅವರ ಒಟ್ರು ನಮ್ಮ ಒತ್ತು. ತಮಿಳರೂ ಬಾಯಿಮಾತಲ್ಲಿ ಒತ್ತು, ಒತ್ತಡಂ ಅಂತಲೇ ಅನ್ನೋದು. ಅಂದರೆ ಅಜ್ಜಿಯ ಮಾತು ತಮಿಳಿಂದ ಕದ್ದು ತಂದದ್ದು ಅಂತ ಅವ್ವ ಅಂತಿದ್ದದ್ದು ಪೂರಾ ನಿಜ ಅಲ್ಲ. ಬುಡ ಇಬ್ಬರಿಗೂ ಒಂದೇ. ಅದಕ್ಕೆ ಔಷಧದ ಅರ್ಥ ಕೊಟ್ಟು ಉಳಿಸಿಕೊಂಡದ್ದು ತಮಿಳು. ನಾವು ಈ ಕಡೆ ಇರೋರು ಆ ಅರ್ಥವನ್ನ ಅವರ ಜೊತೆ ಸೇರಿ ಇಟ್ಟುಕೊಂಡ್ವಿ.

ಬುಡ ಒಂದೇ ಆದರೂ ಒತ್ತು ಅನ್ನೋದರಲ್ಲಿ ಎರಡು ಬಗೆ ಇದೆ. ಒಂದು ಗಾಣದ ಒತ್ತು, ಶ್ಯಾವಿಗೆ ಒರಳಿನ ಒತ್ತು, ಬಲ ಹಾಕಿ ಹಿಂಡೋದು. ಇನ್ನೊಂದು ಮೆತ್ತಗೆ ತಾಗಿಸಿ ತೆಗೆಯೋದು. ಈ ಎರಡನೆಯದು ಕನ್ನಡದಲ್ಲಿ ಸತ್ತುಹೋಗಿಲ್ಲ. ದೇವರ ಪ್ರಸಾದ ಕೈಗೆ ಬಂದರೆ ಏನು ಮಾಡ್ತೀವಿ? ಕಣ್ಣಿಗೆ ಒತ್ತಿಕೊಳ್ತೀವಿ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ತೀವಿ. ಅತ್ತೋಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಳ್ತಾಳೆ. ಅಲ್ಲಿ ಯಾರಾದರೂ ಬಲ ಹಾಕ್ತಾರಾ? ಕಣ್ಣೇ ಹೋಗುತ್ತೆ. ತಮಿಳರೂ ‘ಕಣ್ಲ ಒತ್ತಿಕ್ಕೋ’ ಅಂತಲೇ ಹೇಳೋದು. ಒತ್ತಡ ಅನ್ನೋ ಔಷಧದ ಮಾತು ಹುಟ್ಟಿದ್ದು ಈ ಕಣ್ಣಿಗೊತ್ತಿಕೊಳ್ಳೋ ಒತ್ತಿಂದ, ಶ್ಯಾವಿಗೆ ಒತ್ತಿಂದ ಅಲ್ಲ. ಅವ್ವ ಬದುಕಿದ್ದಿದ್ದರೆ ಇದನ್ನ ಅವಳಿಗೆ ಹೇಳಿ ಅಜ್ಜಿಯ ಪರವಾಗಿ ಒಂದು ಮಾತು ಗೆಲ್ಲಬಹುದಿತ್ತು.

ಅತ್ತ ಕನ್ನಡ ನಾಡಲ್ಲಿ ಒತ್ತಡಕ್ಕೆ ಬೇರೆ ಕೆಲಸ ಬಿತ್ತು. ವಿಜ್ಞಾನದ ಪಾಠದಲ್ಲಿ ಗಾಳಿಯ ಒತ್ತಡ ಬಂತು. ಡಾಕ್ಟರ ಚೀಟೀಲಿ ರಕ್ತದೊತ್ತಡ ಬಂತು. ಈಚೆಗೆ ಮಾನಸಿಕ ಒತ್ತಡ ಇಲ್ಲದ ಮನುಷ್ಯನೇ ಇಲ್ಲ. ತಮಿಳಲ್ಲಿ ಈ ಕೆಲಸಕ್ಕೆಲ್ಲ ‘ಅಳುತ್ತಂ’ ಅಂತ ಬೇರೆ ಮಾತಿದೆ, ಆದ್ದರಿಂದ ಅವರ ಒತ್ತಡಂ ಹಾಯಾಗಿ ಅಡಿಗೆಮನೇಲೇ ಉಳೀತು. ನಮ್ಮ ಒತ್ತಡ ಆಫೀಸಿಗೆ ಹೋಯ್ತು.

ಇನ್ನು ಅವ್ವನ ಕಾವು. ಕಾಯ್ ಅಂದರೆ ಬಿಸಿಯಾಗು. ಅದರಿಂದ ಕಾಯಿಸು, ಕಾಸು, ರೊಟ್ಟಿ ಸುಡೋ ಕಾವಲಿ, ಮತ್ತೆ ಕಾವು. ನಾಯ್ಡು ಮನೆಯ ಕಾಪಡಂ ಕೂಡ ಇದೇ ಬಳ್ಳಿಯ ಕಾಯಿ. ಬ್ರೌನ್ ದೊರೆ ಹತ್ತೊಂಬತ್ತನೆ ಶತಮಾನದಲ್ಲೇ ತನ್ನ ತೆಲುಗು ನಿಘಂಟಲ್ಲಿ ಅದನ್ನ ಬರೆದಿಟ್ಟಿದ್ದಾನೆ. ಕಾವು ಅಂದರೆ ನಮಗೆ ಮೊದಲು ನೆನಪಾಗೋದು ಕೋಳಿ. ಕಾವಿಗೆ ಕೂತ ಕೋಳಿಯನ್ನ ನೋಡಿದೋರಿಗೆ ಗೊತ್ತು: ಅದು ಇಪ್ಪತ್ತೊಂದು ದಿನ ಕೂರುತ್ತೆ, ಮೊಟ್ಟೆ ಒಡೆಯೋ ಹಂಗೆ ಕೂರಲ್ಲ, ಆಗಾಗ ಎದ್ದು ಕೊಕ್ಕಲ್ಲಿ ಮೊಟ್ಟೆ ತಿರುಗಿಸಿ ಮತ್ತೆ ಕೂರುತ್ತೆ. ತಮಿಳಲ್ಲಿ ಇದಕ್ಕೆ ‘ಅಡೈ ಕಾಕ್ಕುದು’ ಅಂತಾರೆ, ಅಂದರೆ ಕೋಳಿ ಮೊಟ್ಟೇನ ಕಾಪಾಡುತ್ತೆ ಅಂತ. ನಾವು ಬಿಸಿ ಕೊಡುತ್ತೆ ಅಂತೀವಿ. ಕೋಳಿಗೆ ಎರಡೂ ಒಂದೇ.

ಇದರಲ್ಲಿ ನನಗೆ ಬಹಳ ಆಶ್ಚರ್ಯ ಆದದ್ದು ಇಂಗ್ಲಿಷಿನ ಸಂಗತಿ. ಹಳೆ ಡಾಕ್ಟರುಗಳು ಬಿಸಿ ಒತ್ತಡಕ್ಕೆ ‘ಫೊಮೆಂಟೇಶನ್’ ಅಂತಿದ್ದರು. ನಮ್ಮ ಊರ ಮಿಲ್ಲಿನಲ್ಲಿ ಕೆಲಸ ಮಾಡಿದ ಹಿರಿಯರಿಗೆ ಈ ಮಾತು ಗೊತ್ತಿರುತ್ತೆ. ಅದರ ಮೂಲ ರೋಮಿನವರ ಲ್ಯಾಟಿನ್ ಭಾಷೇಲಿ ‘ಫೊವೆರೆ’, ಅಂದರೆ ಬೆಚ್ಚಗೆ ಇಡೋದು. ಕೋಳಿ ಮೊಟ್ಟೆ ಮೇಲೆ ಕೂತು ಕಾವು ಕೊಡೋಕೂ ಆ ಭಾಷೇಲಿ ಅದೇ ಮಾತು! ನಮ್ಮವ್ವನೂ ರೋಮಿನವರೂ ಒಂದೇ ಕೋಳಿಯನ್ನ ನೋಡಿ ಮಾತು ಕಟ್ಟಿದ್ದಾರೆ. ಇನ್ನೂ ಇದೆ. ಅದೇ ‘ಫೊಮೆಂಟ್’ ಅನ್ನೋ ಮಾತಿಗೆ ಇಂಗ್ಲಿಷಲ್ಲಿ ಇವತ್ತು ಹೆಚ್ಚಾಗಿ ಇರೋ ಅರ್ಥ ಗಲಭೆ ಎಬ್ಬಿಸೋದು, ಜನರನ್ನ ಕೆರಳಿಸೋದು. ನೋವಿಗೆ ಕೊಟ್ಟ ಬಿಸಿ ದ್ವೇಷಕ್ಕೂ ಹೋಯ್ತು. ನಮ್ಮ ಪೇಪರಲ್ಲೂ ‘ಚುನಾವಣೆ ಕಾವು’ ಅಂತ ಬರೀತಾರಲ್ಲ, ಅದೂ ಈ ದಾರಿಯದೇ. ಇನ್ನು ಇಂಗ್ಲಿಷಿನ ಇನ್ನೊಂದು ಮಾತು ‘ಕಂಪ್ರೆಸ್’, ಅದರ ಅರ್ಥ ಒತ್ತು. ಹಾಗಾದರೆ ಇಂಗ್ಲಿಷ್ ಮನೇಲೂ ಅಜ್ಜಿ ಅವ್ವ ಇಬ್ಬರೂ ಇದ್ದರು ಅನ್ನಿ.

‘ಪೌಲ್ಟೀಸ್’ ಅಂದರೆ ಹಿಟ್ಟಿನ ಮುದ್ದೆ ಬಿಸಿಯಾಗಿ ಬಾವಿನ ಮೇಲೆ ಕಟ್ಟೋದು. ಅದರ ಮೂಲ ಗಂಜಿ ಅಂಬಲಿ ಅನ್ನೋ ಅರ್ಥದ ಲ್ಯಾಟಿನ್ ಮಾತು. ‘ಸ್ಟೂಪ್’ ಅಂತ ಹಳೆ ನರ್ಸುಗಳ ಪುಸ್ತಕದಲ್ಲಿ ಇದೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಅದರ ಮೂಲ ನಾರಿನ ಸಿಕ್ಕು, ನೂಲೋಕೆ ಬಾರದ ಕಸ. ಇದನ್ನ ಕೇಳಿ ನಾನು ನಕ್ಕೆ. ಕೋಯಮತ್ತೂರಿಗೆ ಮೊದಲ ಮಿಲ್ಲು 1888ರಲ್ಲಿ ಬಂತು. ಪೈಕಾರದ ಕರೆಂಟು 1930ರ ದಶಕದಲ್ಲಿ ಬಂದ ಮೇಲೆ ಸಿಂಗಾನಲ್ಲೂರಿನ ಸುತ್ತ ಮಿಲ್ಲೋ ಮಿಲ್ಲು. ರಾತ್ರಿ ಪಾಳಿ ಮುಗಿಸಿ ಬಂದೋರು ಹೆಗಲು ನೋವು ಅಂದರೆ ಮನೆ ಹೆಂಗಸರು ಮಿಲ್ಲಿನ ವೇಸ್ಟು ಹತ್ತೀನೇ ಬಿಸಿನೀರಲ್ಲಿ ಅದ್ದಿ ಒತ್ತಡ ಕೊಡ್ತಿದ್ದರು. ನಾನೇ ನೋಡಿದ್ದೀನಿ. ಯಾವ ನರ್ಸೂ ಅವರಿಗೆ ಕಲಿಸಿರಲಿಲ್ಲ.

ಸೆಲ್ಸಸ್ ಅಂತ ರೋಮಿನವನು ಒಂದನೆ ಶತಮಾನದಲ್ಲಿ ವೈದ್ಯದ ಪುಸ್ತಕ ಬರೆದಿದ್ದಾನೆ. ಒಣ ಕಾವಿಗೆ ಅವನು ಹೇಳೋ ಸಾಮಾನು ಬರಗಿನಂಥ ಕಿರುಧಾನ್ಯ, ಉಪ್ಪು, ಮರಳು. ಯಾವುದಾದರೂ ಒಂದನ್ನ ಬಿಸಿಮಾಡಿ ನಾರುಬಟ್ಟೇಲಿ ಕಟ್ಟಬೇಕು. ನಮ್ಮ ಸುಶ್ರುತ ಸಂಹಿತೆ ಬೆವರಿಸೋ ಚಿಕಿತ್ಸೆಯನ್ನ ನಾಲ್ಕು ಬಗೆ ಮಾಡುತ್ತೆ: ತಾಪ, ಊಷ್ಮ, ಉಪನಾಹ, ದ್ರವ. ತಾಪ ಅಂದರೆ ಒಣ ಬಿಸಿ ತಾಗಿಸೋದು, ಊಷ್ಮ ಹಬೆ, ಉಪನಾಹ ಬಿಸಿ ಮುದ್ದೆ ಕಟ್ಟೋದು, ದ್ರವ ಬಿಸಿ ಕಷಾಯ ಸುರಿಯೋದು. ತಾಪಕ್ಕೆ ಹೇಳಿರೋ ಸಾಮಾನಲ್ಲಿ ಅಂಗೈ ಇದೆ, ಕಂಚು ಇದೆ, ಓಡಿನ ಚೂರು ಇದೆ, ಮರಳು ಇದೆ, ಬಟ್ಟೆ ಇದೆ. ಅಂಗೈ ಅನ್ನೋದನ್ನ ಕೇಳಿ ನನಗೆ ಮೈ ಜುಂ ಅಂತು. ಹಸುಗೂಸಿಗೆ ಹೊಟ್ಟೆನೋವು ಬಂದರೆ ಅಜ್ಜಿ ದೀಪದ ಮೇಲೆ ಅಂಗೈ ಹಿಡಿದು ಬಿಸಿಮಾಡಿ ಮಗುವಿನ ಹೊಟ್ಟೆಗೆ ಒತ್ತಿ ಒತ್ತಿ ತೆಗೀತಿದ್ದಳು. ಸುಶ್ರುತ ಅಂದರೆ ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ, ಅವಳಿಗೆ ಅಕ್ಷರವೇ ಬರ್ತಿರಲಿಲ್ಲ.

ಸಂಸ್ಕೃತದಲ್ಲಿ ಇದಕ್ಕೆಲ್ಲ ಒಟ್ಟು ಹೆಸರು ಸ್ವೇದ, ಅಂದರೆ ಬೆವರು. ನೋಡಿ, ಒಬ್ಬರು ಕೈ ಮಾಡೋ ಕೆಲಸ ನೋಡಿ ಒತ್ತಡ ಅಂದರು, ಒಬ್ಬರು ಬಿಸಿ ನೋಡಿ ಕಾವು ಅಂದರು, ಪಂಡಿತರು ಕೊನೇಲಿ ಸುರಿಯೋ ಬೆವರು ನೋಡಿ ಸ್ವೇದ ಅಂದರು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 14ನೆ ಅಧ್ಯಾಯ ಪೂರಾ ಇದೇ. ಬೆಂಕಿ ಬೇಕಾಗೋ ಸ್ವೇದ 13 ಬಗೆ. ಕಾದ ಕಲ್ಲುಹಾಸಿನ ಮೇಲೆ ಮಲಗಿಸೋದು, ಮಂಚದ ಕೆಳಗೆ ಗುಂಡಿ ತೋಡಿ ಕೆಂಡ ಹಾಕೋದು, ಸಗಣಿ ರಾಶಿಗೆ ಬೆಂಕಿ ಹಚ್ಚಿ ಹೊಗೆ ಹೋದ ಮೇಲೆ ಅದರ ಮೇಲೆ ಮಂಚ ಹಾಕೋದು, ಹಿಂಗೆ. ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡೋದನ್ನ ಕಂಡೋರಿಗೆ ಇದೇನು ಹೊಸದಲ್ಲ. ಬೆಂಕಿ ಬೇಡದ ಸ್ವೇದ 10. ಅದರಲ್ಲಿ ದುಡಿಮೆ, ಬಿಸಿಲು, ದಪ್ಪ ಹೊದಿಕೆ, ಹಸಿವು ಇವೆ. ಭಯ, ಕೋಪ, ಯುದ್ಧ ಇವೂ ಇವೆ! ಕೋಪಾನೂ ಒಂದು ಒತ್ತಡವೇ ಅಂತ ಚರಕದಲ್ಲಿ ಲೆಕ್ಕ ಹಾಕಿದ್ದಾರೆ. ಇಂಗ್ಲಿಷಿನವರು ಗಲಭೆಗೆ ಫೊಮೆಂಟ್ ಅಂದದ್ದು ಆಮೇಲೆ.

ನಮ್ಮ ಪಡುವಣ ಬಾಗಿಲು ಪಾಲಕ್ಕಾಡು. ಅಲ್ಲಿಂದ ಮಲಯಾಳದ ವೈದ್ಯ ಈ ಕಡೆ ಬಂತು. ರಾಮ ವಾರಿಯರ್ ಅವರು 1943ರಲ್ಲಿ ಕೋಯಮತ್ತೂರಲ್ಲಿ ಆರ್ಯ ವೈದ್ಯ ಫಾರ್ಮಸಿ ಶುರು ಮಾಡಿದರು. ಅವರಲ್ಲಿ ಸೊಪ್ಪನ್ನೋ ನವರಕ್ಕಿಯನ್ನೋ ಬಟ್ಟೇಲಿ ಕಟ್ಟಿ ಒತ್ತೋದಕ್ಕೆ ‘ಕಿಳಿ’ ಅಂತಾರೆ. ಕಿಳಿ ಅಂದರೆ ಗಂಟು, ಅಷ್ಟೆ. ತಮಿಳಲ್ಲಿ ರಾಜರು ಕವಿಗಳಿಗೆ ಕೊಡ್ತಿದ್ದ ಚಿನ್ನದ ಗಂಟು ‘ಪೊರ್ಕಿಳಿ’. ಹಾಡುಗಾರನಾದ ನನಗೆ ಇವತ್ತಿನವರೆಗೆ ಸಿಕ್ಕಿರೋದು ಉಪ್ಪಿನ ಕಿಳಿ ಮಾತ್ರ.

ದನದ ಮಾತು ಹೇಳದಿದ್ದರೆ ನಮ್ಮ ಕಸುಬಿಗೆ ಅವಮಾನ. ಕನ್ನಡದಲ್ಲಿ 12ನೆ ಶತಮಾನದಷ್ಟು ಹಿಂದೆ ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ರಾಜವಂಶದೋನು ದನದ ಔಷಧಕ್ಕೆ ಕೂತು ಬರೆದಿದ್ದಾನೆ ಅಂದರೆ ಆಗಿನ ದನದ ಬೆಲೆ ತಿಳೀಬಹುದು. ನಮ್ಮಲ್ಲಿ ಕಾಂಗೇಯಂ ಎತ್ತು ಇದ್ದಾಗ ನೊಗ ಉಜ್ಜಿ ಹೆಗಲು ಬಾತುಕೊಂಡರೆ ಅಪ್ಪ ಇಟ್ಟಿಗೆ ಕಾಯಿಸಿ ಗೋಣಿಚೀಲ ಸುತ್ತಿ ಒತ್ತಡ ಕೊಡ್ತಿದ್ದ. ಲಕ್ಕಿ ಸೊಪ್ಪು ಬೇಯಿಸಿ ಆ ನೀರು ಹಾಕ್ತಿದ್ದ. ಎಕ್ಕದ ಎಲೆಗೆ ಎಣ್ಣೆ ಸವರಿ ಬಾಡಿಸಿ ಹಾಕ್ತಿದ್ದ. ಕೆಲವರು ಬರೆ ಹಾಕ್ತಿದ್ದರು, ಅಪ್ಪ ಹಾಕ್ತಿರಲಿಲ್ಲ. ‘ಕಾವು ಬೇರೆ, ಬರೆ ಬೇರೆ ಕಣ್ಲಾ’ ಅಂತಿದ್ದ. ಎತ್ತು ತಲೆ ಆಡಿಸಿದರೆ ತಕ್ಷಣ ಕೈ ತೆಗೀತಿದ್ದ. ಬಾಯಿಲ್ಲದ ಪ್ರಾಣಿ ತಲೆ ಆಡಿಸಿಯಾದರೂ ಹೇಳುತ್ತೆ.

ನಮ್ಮಕ್ಕ ಹೇಳಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಗಿತ್ತು. ಪಾದ ಮರಗಟ್ಟಿತ್ತು. ಚಪ್ಪಲಿ ಕಳಚಿಹೋದರೂ ಗೊತ್ತಾಗ್ತಿರಲಿಲ್ಲ, ಹಂಗೇ ನಡೆದು ಬರ್ತಿದ್ದಳು. ಒಂದು ಮಾರ್ಗಳಿ ತಿಂಗಳ ರಾತ್ರಿ, ಗಂಡನ ಮನೆಯಿಂದ ಬಂದು ನಮ್ಮಲ್ಲಿದ್ದಳು. ಕಾಲು ಸೆಳೀತಾ ಇದೆ, ಒತ್ತಡ ಕೊಡೋ ಅಂದಳು. ನನ್ನ ಹೆಂಡತಿ ಮಗಳ ಮನೆಗೆ ಹೋಗಿದ್ದಳು. ನಾನೇ ಮರಳು ಹುರಿದು ಗಂಟು ಕಟ್ಟಿದೆ. ಪಾದಕ್ಕೆ ಇಟ್ಟೆ. ‘ಬಿಸೀನೇ ಇಲ್ವಲ್ಲೋ’ ಅಂದಳು. ಇನ್ನೂ ಹುರಿದೆ. ‘ಇನ್ನೂ ಬೇಕು’ ಅಂದಳು. ಅಷ್ಟರಲ್ಲಿ ಮೂರು ಫೇಸು ಕರೆಂಟು ಬಂತು. ಆಗ ನಮಗೆ ಹೊತ್ತಿನ ಮೇಲೆ ಕರೆಂಟು ಬಿಡ್ತಿದ್ದದ್ದು, ಬಿಟ್ಟರೆ ಅರಿಶಿನಕ್ಕೆ ನೀರಿಲ್ಲ. ಗಂಟನ್ನ ಪಾದದ ಮೇಲೆ ಇಟ್ಟು, ಮೇಲೊಂದು ಟವಲು ಸುತ್ತಿ, ಮೋಟರು ಹಾಕೋಕೆ ಹೋದೆ. ಮಡೆ ತಿರುಗಿಸಿ ಬರೋಕೆ ಅರ್ಧ ಗಂಟೆ ಆಗಿರಬೇಕು. ಅವಳು ನಿದ್ದೆ ಹೋಗಿದ್ದಳು. ಹಾಯಾಯ್ತೇನೋ ಅಂದುಕೊಂಡೆ.

ಬೆಳಿಗ್ಗೆ ಪಾದದ ಮೇಲೆ ಬೊಬ್ಬೆ ಎದ್ದಿತ್ತು. ಅವಳಿಗೆ ಆಗಲೂ ನೋವಿಲ್ಲ. ಅರಿಶಿನ ಹಚ್ಚಿದ್ವಿ. ಒಂದು ವಾರಕ್ಕೆ ಹುಣ್ಣು ಕಪ್ಪಾಯ್ತು. ಆಸ್ಪತ್ರೆಗೆ ಕರಕೊಂಡು ಹೋದಾಗ ತಡವಾಗಿತ್ತು, ತಡ ಮಾಡಿದ್ದೂ ನಾನೇ. ಎರಡು ಬೆರಳು ತೆಗೆದು ಪಾದ ಉಳಿಸಿದರು.

ನಾನು ಅಜ್ಜಿ ಕೈ ನೋಡಿ ಬೆಳೆದೋನು. ಅವಳು ಗಂಟನ್ನ ಮೊದಲು ತನ್ನ ಕೆನ್ನೆಗೆ ತಾಗಿಸಿ ನೋಡ್ತಿದ್ದಳು. ಆಮೇಲೆ ನಮಗೆ. ತಾಗಿಸೋದು, ಎತ್ತೋದು, ತಾಗಿಸೋದು, ಎತ್ತೋದು. ರಾಗಿ ಬೀಸೋ ಪದಕ್ಕೆ ಕಲ್ಲು ತಿರುಗೋ ಹಂಗೆ ಅದಕ್ಕೊಂದು ಲಯ ಇರೋದು. ಎತ್ತಿದಾಗಲೆಲ್ಲ ನಮ್ಮ ಮುಖ ನೋಡೋಳು. ಗಂಟು ಇಟ್ಟು ಎದ್ದುಹೋದದ್ದನ್ನ ನಾನು ಒಂದು ದಿನವೂ ಕಂಡಿಲ್ಲ. ಇಟ್ಟು ಹೋದರೆ ಅದು ಒತ್ತಡ ಅಲ್ಲವಲ್ಲ. ಮಾತಿನ ಅರ್ಥ ನನಗೆ ನಿಘಂಟು ಓದಿದ ಮೇಲೆ ತಿಳೀತು, ಅಕ್ಕನ ಕಾಲಿಗೆ ಅದು ಮೊದಲೇ ಬೇಕಾಗಿತ್ತು.

ಮೇಷ್ಟ್ರು ಚರಕದ ಅಧ್ಯಾಯ ಓದ್ತಾ ಹೋದ ಹಂಗೆ, ಯಾರಿಗೆ ಸ್ವೇದ ಕೊಡಬಾರದು ಅನ್ನೋ ಪಟ್ಟಿ ಬಂತು. ಬಸುರಿಗೆ ಕೊಡಬಾರದು, ಭೇದಿ ಆದೋರಿಗೆ ಕೊಡಬಾರದು, ದಿನಾ ಕುಡಿಯೋರಿಗೆ ಕೊಡಬಾರದು. ಅದೇ ಪಟ್ಟೀಲಿ ಮಧುಮೇಹಿ ಅಂತ ಇತ್ತು. ಸಕ್ಕರೆ ಕಾಯಿಲೆಯೋರು. ಸುಮಾರು 2000 ವರ್ಷದ ಹಳೆ ಪುಸ್ತಕ. ನಾನು ಅವತ್ತು ಸಾಕು ಅಂತ ಎದ್ದು ಮನೆಗೆ ಬಂದೆ. ಮೇಷ್ಟ್ರು ಏನೂ ಕೇಳಲಿಲ್ಲ, ಅವರಿಗೆ ಅಕ್ಕನ ವಿಷಯ ಗೊತ್ತಿತ್ತು.

ಅದಕ್ಕೇ ಇದನ್ನ ಇಲ್ಲಿ ಬರೆದೆ. ನಮ್ಮ ಬೀದೀಲಿ ಈಗ ಸಕ್ಕರೆ ಇಲ್ಲದ ಮನೆ ಹುಡುಕಬೇಕು. ಪಾದ ಮರಗಟ್ಟಿದೋರಿಗೆ ಉಪ್ಪು, ಮರಳು, ರಬ್ಬರ್ ಚೀಲದ ಬಿಸಿನೀರು, ಕರೆಂಟಿನ ಬಿಸಿಪಟ್ಟಿ ಯಾವುದೂ ಇಡಬೇಡಿ. ಬಿಸಿ ಸಾಲದು ಅಂತ ಅವರು ಹೇಳಿದರೆ ಅವರ ಪಾದದ ಮಾತು ನಂಬಬೇಡಿ. ಹೊಸದಾಗಿ ಉಳುಕಿದ ಕಡೆ, ಬಿದ್ದು ಊದಿಕೊಂಡ ಕಡೆ ಮೊದಲ ಒಂದೆರಡು ದಿನ ತಣ್ಣಗಿನದೇ ಸರಿ, ನನ್ನ ಮಂಡಿಗೆ ಆಸ್ಪತ್ರೇಲಿ ಹೇಳಿದ್ದೂ ಅದನ್ನೇ. ಒಂದು ಕಾಲಿನ ಮೀನಖಂಡ ಮಾತ್ರ ತಾನಾಗಿ ಊದಿ ನೋಯ್ತಿದ್ದರೆ ಒತ್ತೋದೂ ಬೇಡ ಕಾಸೋದೂ ಬೇಡ, ಡಾಕ್ಟರಿಗೆ ತೋರಿಸಿ. ಮಿಕ್ಕ ನೋವಿಗೆ, ಕತ್ತು ಸೊಂಟ ಹಿಡಿದೋರಿಗೆ, ಅಜ್ಜಿಯ ಗಂಟು ಇವತ್ತಿಗೂ ಒಳ್ಳೇದೇ. ಬಿಸಿ ತಾಗಿದ ಕಡೆ ರಕ್ತ ಚೆನ್ನಾಗಿ ಓಡಿ ಹಿಡಿದ ಸ್ನಾಯು ಸಡಿಲ ಆಗುತ್ತೆ ಅಂತ ಇಂಗ್ಲಿಷ್ ಡಾಕ್ಟರೂ ಒಪ್ತಾರೆ.

ಅಕ್ಕ ಈಗ ಚೆನ್ನಾಗಿದ್ದಾಳೆ. ಈ ಬರಹ ಅಚ್ಚಿಗೆ ಕೊಡೋ ಮುಂಚೆ ಅವಳಿಗೆ ಓದಿ ಹೇಳಿದೆ. ‘ಬೆರಳಿಂದು ಯಾಕೆ ಬರೆದೆ, ಕೋಳಿ ಕತೆ ಚೆನ್ನಾಗಿತ್ತು’ ಅಂದಳು. ಆಮೇಲೆ ಇನ್ನೊಂದು ವಿಷಯ ಹೇಳಿದಳು. ಅಜ್ಜಿ ಒತ್ತಡದ ಉಪ್ಪನ್ನ ಕೊನೇಲಿ ಬಾವಿ ಕಟ್ಟೆ ಆಚೆ ಸುರಿದು ಬರ್ತಿದ್ದಳಂತೆ, ಅಡಿಗೆಗೆ ಸೇರಿಸಬಾರದು ಅಂತ. ನನಗೆ ಅದು ನೆನಪೇ ಇರಲಿಲ್ಲ. ನಿಮ್ಮ ಮನೇಲಿ ಇದಕ್ಕೆ ಬೇರೆ ಹೆಸರಿದ್ದರೆ, ಬೇರೆ ಪದ್ಧತಿ ಇದ್ದರೆ ವಾಚನಾಲಯಕ್ಕೆ ಬಂದು ಹೇಳಿ. ಮಳೆ ಇಲ್ಲದ ದಿನ ಸಂಜೆ ಆರರ ಮೇಲೆ ನಾನು ಅಲ್ಲೇ ಇರ್ತೀನಿ.